ಸ್ಪ್ರಿಂಗ್ ಮತ್ತು ಹೈಬರ್ನೇಟ್ ನಡುವಿನ ತಿಕ್ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕ್, ವಿಮೆ, ಉಗ್ರಾಣದಂತಹ ದೊಡ್ಡ ವ್ಯವಹಾರಗಳಿಗೆ ಜಾವಾದಲ್ಲಿ ತಂತ್ರಾಂಶ ಬರೆಯುವವರು ಮಾತಿನಲ್ಲಿ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸ್ಪ್ರಿಂಗ್ ಎಂಬುದು ಅಪ್ಲಿಕೇಷನ್‌ನ ಭಾಗಗಳನ್ನು ಕಟ್ಟಿ ಜೋಡಿಸುವ ಫ್ರೇಮ್‌ವರ್ಕ್, ಹೈಬರ್ನೇಟ್ ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಹೊಂದಿಸುವ ಲೈಬ್ರರಿ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಉದಾಹರಣೆಗೆ ಬೇಕಾದಲ್ಲೆಲ್ಲ ಒಂದೇ ಎಂಟಿಟಿ (ಟೇಬಲ್‌ನ ದಾಖಲೆಗೆ ಹೊಂದುವ) ಕ್ಲಾಸ್ ಬಳಸಿದ್ದೇನೆ: ಗೃಹಸಾಲದ ವಿವರ ಹೊತ್ತ ‘ಸಾಲಖಾತೆ’. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದವು

ಡಿಪೆಂಡೆನ್ಸಿ ಇಂಜೆಕ್ಷನ್ (ಆಬ್ಜೆಕ್ಟ್‌ಗೆ ಬೇಕಾದ ಬೇರೆ ಆಬ್ಜೆಕ್ಟ್‌ಗಳನ್ನು ಹೊರಗಿನಿಂದ ಒದಗಿಸುವುದು) ಒಂದು ಕೆಲಸ, ಡೇಟಾಬೇಸ್‌ನಲ್ಲಿ ಉಳಿಸುವುದು ಇನ್ನೊಂದು ಕೆಲಸ. ಇವೆರಡರ ನಡುವೆ ಜಗಳ ಎಲ್ಲಿಂದ ಬಂತು?

ಆಬ್ಜೆಕ್ಟ್‌ಗಳನ್ನು ಸೃಷ್ಟಿಸುವ ಹಕ್ಕು ತನ್ನದು ಎಂದು ಸ್ಪ್ರಿಂಗ್, ಹೈಬರ್ನೇಟ್ ಎರಡೂ ಹೇಳುತ್ತವೆ. ಸ್ಪ್ರಿಂಗ್ ಕಂಟೇನರ್ ಅಪ್ಲಿಕೇಷನ್ ಶುರುವಾಗುವ ಹೊತ್ತಿನಲ್ಲಿ ವ್ಯವಹಾರದ ಕೆಲಸ ಮಾಡುವ ಸರ್ವಿಸ್, ಡೇಟಾಬೇಸ್ ಮುಟ್ಟುವ ರಿಪಾಸಿಟರಿ, ರಿಕ್ವೆಸ್ಟ್ ಸ್ವೀಕರಿಸುವ ಕಂಟ್ರೋಲರ್‌ಗಳನ್ನು ಕಟ್ಟಿ, ಯಾವುದಕ್ಕೆ ಯಾವುದು ಬೇಕೋ ಅದನ್ನು ಒದಗಿಸುತ್ತದೆ. ಹೈಬರ್ನೇಟ್ ಹಾಗಲ್ಲ. ಕ್ವೆರಿ ಓಡಿದಾಗ ಟೇಬಲ್‌ನಿಂದ ಬಂದ ಒಂದೊಂದು ದಾಖಲೆಗೂ ಒಂದೊಂದು ಆಬ್ಜೆಕ್ಟನ್ನು ತಾನೇ ಮಾಡುತ್ತದೆ. ಅದರ ಸುದ್ದಿ ಕಂಟೇನರ್‌ಗೆ ಮುಟ್ಟುವುದೇ ಇಲ್ಲ.

ಇನ್ನೊಂದು ವ್ಯತ್ಯಾಸ ಆಯಸ್ಸಿನದು. ಕಂಟೇನರ್ ಮಾಡಿದ ಸರ್ವಿಸ್ ಸಾಮಾನ್ಯವಾಗಿ ಒಂದೇ ಇರುತ್ತದೆ, ಅಪ್ಲಿಕೇಷನ್ ನಿಲ್ಲುವವರೆಗೂ ಇರುತ್ತದೆ. ಸಾಲಖಾತೆ ಸಾವಿರಗಟ್ಟಲೆ ಹುಟ್ಟುತ್ತದೆ, ಒಂದು ಟ್ರಾನ್ಸಾಕ್ಷನ್ ಮುಗಿಯುತ್ತಿದ್ದಂತೆ ಅದರ ಕೆಲಸವೂ ಮುಗಿಯುತ್ತದೆ. ಮುಂದಿನ ಬಹುತೇಕ ಪ್ರಶ್ನೆಗಳು ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ಎರಡೂ ಒಂದೇ ಬೇಸರದಿಂದ ಬಂದವು ಎಂಬುದನ್ನೂ ನೆನಪಿಡಬೇಕು. ಹಳೆಯ ಇಜೆಬಿಯ (ದೊಡ್ಡ ಅಪ್ಲಿಕೇಷನ್‌ಗಳಿಗಾಗಿ ಮಾಡಿದ ಜಾವಾ ಮಾನದಂಡ) ಎಂಟಿಟಿ ಬೀನ್‌ಗಳ ಭಾರದಿಂದ ಬಿಡಿಸಿಕೊಳ್ಳಲು ಗ್ಯಾವಿನ್ ಕಿಂಗ್ 2001ರಲ್ಲಿ ಹೈಬರ್ನೇಟ್ ಶುರು ಮಾಡಿದರು. ಸ್ಪ್ರಿಂಗ್‌ನ 1.0 ಆವೃತ್ತಿ 2004ರ ಮಾರ್ಚ್‌ನಲ್ಲಿ ಬಂತು. ಹೈಬರ್ನೇಟ್‌ನ ಅನುಭವವನ್ನು ಬಹುಮಟ್ಟಿಗೆ ಒಳಗೊಂಡ ಜೆಪಿಎ (ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ನಲ್ಲಿ ಉಳಿಸುವ ಜಾವಾ ಮಾನದಂಡ) 2006ರಲ್ಲಿ ಇಜೆಬಿ 3ರ ಭಾಗವಾಗಿ ಹೊರಬಂತು. ಸರಳ ಜಾವಾ ಕ್ಲಾಸ್ ಸಾಕು ಎಂದು ಇಬ್ಬರೂ ಹೇಳಿದರು. ಆ ಕ್ಲಾಸನ್ನು ಕಟ್ಟುವವರು ಯಾರು ಎಂಬುದನ್ನು ಮಾತ್ರ ಇಬ್ಬರೂ ಕೂತು ತೀರ್ಮಾನಿಸಲಿಲ್ಲ.

ಸಾಲಖಾತೆಯಲ್ಲಿ ಬಡ್ಡಿ ಸರ್ವಿಸ್‌ಗೆ ಆಟೋವೈರ್ಡ್ ಹಾಕಿದ್ದೇನೆ. ಆದರೂ ನಲ್ ಪಾಯಿಂಟರ್ ಬರುತ್ತಿದೆ. ಎಲ್ಲಿ ತಪ್ಪಿದೆ?

ಆಟೋವೈರ್ಡ್ ಎಂಬುದು ಒಂದು ಗುರುತು ಮಾತ್ರ. ಅದನ್ನು ಓದಿ ಫೀಲ್ಡ್ ತುಂಬುವುದು ಕಂಟೇನರ್, ಅದೂ ತಾನು ಮಾಡಿದ ಆಬ್ಜೆಕ್ಟ್‌ಗಳಲ್ಲಿ (ಇವಕ್ಕೆ ಬೀನ್ ಎನ್ನುತ್ತಾರೆ) ಮಾತ್ರ. ನಿಮ್ಮ ಸಾಲಖಾತೆಯನ್ನು ಮಾಡಿದ್ದು ಹೈಬರ್ನೇಟ್. ಅದು ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಕರೆದು, ಕಾಲಂಗಳಿಗೆ ಹೊಂದುವ ಫೀಲ್ಡ್‌ಗಳನ್ನು ತುಂಬಿ, ಆಬ್ಜೆಕ್ಟನ್ನು ನಿಮ್ಮ ಕೈಗೆ ಕೊಡುತ್ತದೆ. ಆಟೋವೈರ್ಡ್ ಗುರುತಿನ ಅರ್ಥ ಅದಕ್ಕೆ ಗೊತ್ತಿಲ್ಲ.

ಈ ತೊಂದರೆ ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಎದುರಾಗುತ್ತದೆ. ಸರ್ವಿಸ್ ಫೀಲ್ಡ್ ಸೇರಿಸಿದ ಕೂಡಲೇ ಅಪ್ಲಿಕೇಷನ್ ಏಳುವುದೇ ಇಲ್ಲ. ಅದೂ ಒಂದು ಕಾಲಂ ಇರಬೇಕೆಂದು ಹೈಬರ್ನೇಟ್ ಭಾವಿಸಿ, ಇದರ ಟೈಪ್ ಯಾವುದೆಂದು ತಿಳಿಯಲಿಲ್ಲ ಎಂದು ದೂರುತ್ತದೆ. ಆಗ ಯಾರೋ, ಇದನ್ನು ಟೇಬಲ್‌ನಲ್ಲಿ ಉಳಿಸಬೇಡ ಎನ್ನುವ ಟ್ರಾನ್ಸಿಯೆಂಟ್ ಅನೋಟೇಷನ್ ಹಾಕಲು ಹೇಳುತ್ತಾರೆ. ದೂರು ನಿಲ್ಲುತ್ತದೆ, ಫೀಲ್ಡ್ ಖಾಲಿಯಾಗಿಯೇ ಉಳಿಯುತ್ತದೆ. ಶುರುವಿನಲ್ಲೇ ಕಾಣಬೇಕಿದ್ದ ದೋಷ ಗ್ರಾಹಕರು ಬಳಸುವಾಗ ಕಾಣುತ್ತದೆ.

ಕ್ಲಾಸಿನ ಮೇಲೆ ಕಾಂಪೊನೆಂಟ್ ಅನೋಟೇಷನ್ ಹಾಕುವವರೂ ಇದ್ದಾರೆ. ಅದರಿಂದ ಇನ್ನಷ್ಟು ಗೊಂದಲ. ಕಂಟೇನರ್ ಒಂದು ಸಾಲಖಾತೆಯನ್ನು ಮಾಡಿ, ಅದಕ್ಕೆ ಸರ್ವಿಸ್ ಜೋಡಿಸಿ ಇಟ್ಟುಕೊಳ್ಳುತ್ತದೆ. ಅದನ್ನು ಯಾರೂ ಬಳಸುವುದಿಲ್ಲ. ಡೇಟಾಬೇಸ್‌ನಿಂದ ಬಂದ ಖಾತೆಗಳು ಮೊದಲಿನಂತೆಯೇ ಬರಿಗೈಯಲ್ಲಿ ಬರುತ್ತವೆ.

ಫೀಲ್ಡ್ ಇಂಜೆಕ್ಷನ್ ಬೇಡ, ಕನ್‌ಸ್ಟ್ರಕ್ಟರ್ ಮೂಲಕವೇ ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಎಂಟಿಟಿಗೂ ಹಾಗೆಯೇ ಮಾಡಬಹುದಲ್ಲ?

ಆಗುವುದಿಲ್ಲ. ಎಂಟಿಟಿಗೆ ಪಬ್ಲಿಕ್ ಅಥವಾ ಪ್ರೊಟೆಕ್ಟೆಡ್ ಆದ, ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇರಲೇಬೇಕು, ಕ್ಲಾಸ್ ಫೈನಲ್ ಆಗಿರಬಾರದು ಎಂಬುದು ಜೆಪಿಎ ನಿಯಮ. ಜಾವಾ ರೆಕಾರ್ಡ್‌ಗಳು ಎಂಟಿಟಿ ಆಗಲಾರದ್ದೂ ಇದಕ್ಕೇ. 2024ರ ಜಕಾರ್ತಾ ಪರ್ಸಿಸ್ಟೆನ್ಸ್ (ಜೆಪಿಎಯ ಈಗಿನ ಹೆಸರು) 3.2 ರೆಕಾರ್ಡ್‌ಗಳಿಗೆ ಎಂಬೆಡಬಲ್ (ಎಂಟಿಟಿಯ ಒಳಗೆ ಸೇರುವ ಭಾಗ) ಆಗುವ ಅವಕಾಶವನ್ನಷ್ಟೇ ಕೊಟ್ಟಿದೆ. ಕಾಟ್ಲಿನ್‌ನಲ್ಲಿ ಬರೆಯುವವರು ಖಾಲಿ ಕನ್‌ಸ್ಟ್ರಕ್ಟರ್ ಸೇರಿಸುವ ಜೆಪಿಎ ಪ್ಲಗಿನ್ ಹಾಕಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕಾಟ್ಲಿನ್‌ನ ಹಳೆಯ ಆವೃತ್ತಿಗಳಲ್ಲಿ ಅದು ಕ್ಲಾಸನ್ನು ಫೈನಲ್‌ನಿಂದ ಬಿಡಿಸುವುದಿಲ್ಲ. ಅಲ್ಲಿ ಫೈನಲ್ ತೆಗೆಯುವ ಆಲ್-ಓಪನ್ ಪ್ಲಗಿನ್‌ಗೆ ಎಂಟಿಟಿ ಅನೋಟೇಷನ್‌ಗಳನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಲೇಜಿ ಲೋಡಿಂಗ್‌ಗೆ (ಬೇಕಾದಾಗ ಮಾತ್ರ ಮಾಹಿತಿ ತರುವುದಕ್ಕೆ) ಪ್ರಾಕ್ಸಿ (ನಿಜವಾದ ಆಬ್ಜೆಕ್ಟ್‌ನ ಪರವಾಗಿ ನಿಲ್ಲುವ ಬದಲಿ) ಸಿಗುವುದಿಲ್ಲ.

ಹೊಸ ಖಾತೆ ತೆರೆಯಲು ನಿಮಗೆ ಬೇಕಾದ ಅರ್ಥಪೂರ್ಣ ಕನ್‌ಸ್ಟ್ರಕ್ಟರ್ ಅವಶ್ಯ ಇರಲಿ. ಖಾಲಿಯದನ್ನು ಪ್ರೊಟೆಕ್ಟೆಡ್ ಮಾಡಿ ಹೈಬರ್ನೇಟ್‌ಗೆ ಬಿಟ್ಟುಕೊಡಿ.

ಹಾಗಾದರೆ ಬಡ್ಡಿ ಲೆಕ್ಕ ಎಲ್ಲಿ ಬರೆಯಲಿ? ಎಲ್ಲವನ್ನೂ ಸರ್ವಿಸ್‌ಗೆ ಹಾಕಿದರೆ ಎಂಟಿಟಿಯಲ್ಲಿ ಬರೀ ಗೆಟರ್ ಸೆಟರ್ ಉಳಿಯುತ್ತವೆ.

ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯವಾದದ್ದು ಇದು. ಇಂಜೆಕ್ಷನ್ ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ವ್ಯವಹಾರದ ನಿಯಮಗಳನ್ನೆಲ್ಲ ಎಂಟಿಟಿಯಿಂದ ಕಿತ್ತು, ಎರಡು ಸಾವಿರ ಸಾಲಿನ ಸರ್ವಿಸ್ ಕ್ಲಾಸಿಗೆ ತುಂಬಿದ ಕೋಡನ್ನು ಎಷ್ಟೋ ಕಡೆ ನೋಡುತ್ತೇವೆ. ಅದರ ಅಗತ್ಯವಿಲ್ಲ.

ಗೃಹಸಾಲವನ್ನೇ ಹತ್ತಿರದಿಂದ ನೋಡೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಚರ ಬಡ್ಡಿಯ ಗೃಹಸಾಲಗಳು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಮರುಹೊಂದಿಸಬೇಕು. ಅಂದರೆ ಮೂಲ ದರ ಖಾತೆಯ ಹೊರಗಿನದು, ಬದಲಾಗುತ್ತಿರುತ್ತದೆ. ಅದರ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ ಅಂತರ, ಬಾಕಿ ಅಸಲು, ಉಳಿದ ಕಂತುಗಳು ಖಾತೆಯವೇ. ಹೀಗಿರುವಾಗ ಸಾಲಖಾತೆಗೆ ಬೇಕಾದದ್ದು ದರ ತಂದುಕೊಡುವ ಸರ್ವಿಸ್ ಅಲ್ಲ, ಇವತ್ತಿನ ದರ ಎಂಬ ಒಂದು ಸಂಖ್ಯೆ. ಸರ್ವಿಸ್ ಪದರದಲ್ಲಿ ದರ ತರಿಸಿಕೊಳ್ಳಿ, ಖಾತೆಯನ್ನು ರಿಪಾಸಿಟರಿಯಿಂದ ತನ್ನಿ, ಆಮೇಲೆ ‘ದರ ಮರುಹೊಂದಿಸು’ ಎಂಬ ಮೆಥಡ್‌ಗೆ ದರವನ್ನೂ ದಿನಾಂಕವನ್ನೂ ಕೊಡಿ. ಅಂತರ ಕೂಡಿಸುವುದು, ಹೊಸ ಕಂತು ಲೆಕ್ಕ ಹಾಕುವುದು, ಮರುಹೊಂದಿಕೆಯ ದಿನ ಇನ್ನೂ ಬಂದಿಲ್ಲವಾದರೆ ನಿರಾಕರಿಸುವುದು, ಎಲ್ಲವೂ ಎಂಟಿಟಿಯ ಒಳಗೇ ನಡೆಯುತ್ತದೆ. ಅದನ್ನು ಪರೀಕ್ಷಿಸಲು ಸ್ಪ್ರಿಂಗ್ ಬೇಡ, ಡೇಟಾಬೇಸ್ ಬೇಡ, ಮಾಕ್ (ಪರೀಕ್ಷೆಗಾಗಿ ಮಾಡುವ ನಕಲಿ ಆಬ್ಜೆಕ್ಟ್) ಬೇಡ.

ಯಾವ ಮಾಹಿತಿ ಬೇಕೆಂಬುದು ಲೆಕ್ಕದ ಮಧ್ಯದಲ್ಲೇ ತಿಳಿಯುವ ಸಂದರ್ಭಗಳಿವೆ. ಉದಾಹರಣೆಗೆ, ಅವಧಿಗೆ ಮುಂಚೆ ಸಾಲ ತೀರಿಸುವಾಗ ಶುಲ್ಕದ ನಿಯಮ ಖಾತೆಯ ಬಗೆಗೆ ತಕ್ಕಂತೆ ಬೇರೆಯಾಗುತ್ತದೆ. ಆಗ ಶುಲ್ಕ ನಿಯಮ ಎಂಬ ಸಣ್ಣ ಇಂಟರ್‌ಫೇಸ್ ಮಾಡಿ, ಅದನ್ನು ಮೆಥಡ್‌ನ ಪ್ಯಾರಾಮೀಟರ್ ಆಗಿ ಕೊಡಿ. ಎಂಟಿಟಿ ಅದನ್ನು ಆ ಕರೆಯ ಮಟ್ಟಿಗೆ ಬಳಸುತ್ತದೆ, ಫೀಲ್ಡ್‌ನಲ್ಲಿ ಹಿಡಿದಿಟ್ಟುಕೊಳ್ಳುವುದಿಲ್ಲ. ಮೊದಲು ಮೌಲ್ಯವನ್ನು ಕೊಡಲು ನೋಡಿ. ಅದು ಸಾಧ್ಯವಾಗದಿದ್ದರೆ ಇಂಟರ್‌ಫೇಸ್ ಕೊಡಿ. ಇಡೀ ರಿಪಾಸಿಟರಿಯನ್ನೇ ಪ್ಯಾರಾಮೀಟರ್ ಆಗಿ ಕೊಡಬೇಕೆನಿಸಿದರೆ ಆ ನಿಯಮ ನಿಜಕ್ಕೂ ಈ ಎಂಟಿಟಿಯದೇ ಎಂದು ಮತ್ತೊಮ್ಮೆ ಯೋಚಿಸಿ. ಬಹಳ ಸಲ ಅದು ಎರಡು ಎಂಟಿಟಿಗಳ ನಡುವಿನ ನಿಯಮವಾಗಿರುತ್ತದೆ, ಅದಕ್ಕೆ ಸರ್ವಿಸ್ ಕ್ಲಾಸೇ ಸರಿಯಾದ ಮನೆ.

## ಕೆಲಸಕ್ಕಿಳಿದ ಮೇಲೆ

ಕಾನ್ಫಿಗರಬಲ್ ಅನೋಟೇಷನ್ ಹಾಕಿದರೆ ಎಂಟಿಟಿಗೂ ಇಂಜೆಕ್ಷನ್ ಸಿಗುತ್ತದೆ ಎಂದು ಓದಿದೆ. ಬಳಸಲೇ?

ಸಿಗುವುದು ನಿಜ. ಆಸ್ಪೆಕ್ಟ್‌ಜೆ ಎಂಬ ಉಪಕರಣ ನಿಮ್ಮ ಕ್ಲಾಸಿನ ಬೈಟ್‌ಕೋಡನ್ನು ತಿದ್ದಿ, ಆಬ್ಜೆಕ್ಟ್ ಹುಟ್ಟಿದಾಗಲೆಲ್ಲ, ಹೈಬರ್ನೇಟ್ ಹುಟ್ಟಿಸಿದಾಗಲೂ, ಸ್ಪ್ರಿಂಗ್‌ಗೆ ತಿಳಿಸುತ್ತದೆ. ಇದಕ್ಕೆ ಬಿಲ್ಡ್ ಹಂತದಲ್ಲಿ ಆಸ್ಪೆಕ್ಟ್‌ಜೆ ಕಂಪೈಲರ್ ಬೇಕು, ಇಲ್ಲವೇ ಜೆವಿಎಂಗೆ ಏಜೆಂಟ್ ಸೇರಿಸಬೇಕು. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಏಜೆಂಟ್ ಇಲ್ಲದಿದ್ದರೆ ಅದೇ ಕೋಡ್ ಅಲ್ಲಿ ನಲ್ ಕೊಡುತ್ತದೆ. ಐವತ್ತು ಸಾವಿರ ಖಾತೆಗಳನ್ನು ಓದುವ ರಾತ್ರಿಯ ಬ್ಯಾಚ್‌ನಲ್ಲಿ ಐವತ್ತು ಸಾವಿರ ಸಲ ಜೋಡಣೆ ನಡೆಯುತ್ತದೆ. ಹೊಸ ಯೋಜನೆಗೆ ನಾನು ಇದನ್ನು ಹೇಳುವುದಿಲ್ಲ. ಮೆಥಡ್‌ಗೆ ಪ್ಯಾರಾಮೀಟರ್ ಕೊಡುವಷ್ಟು ಸರಳ ದಾರಿ ಇರುವಾಗ ಇಷ್ಟು ಯಂತ್ರೋಪಕರಣ ಏಕೆ?

ಎಂಟಿಟಿ ಲಿಸನರ್ ಮತ್ತು ಆಟ್ರಿಬ್ಯೂಟ್ ಕನ್ವರ್ಟರ್‌ಗಳಲ್ಲೂ ಇಂಜೆಕ್ಷನ್ ನಿಷಿದ್ಧವೇ?

ಇಲ್ಲ, ಇಲ್ಲಿ ರಾಜಿ ಆಗಿದೆ. ಎಂಟಿಟಿ ಉಳಿಯುವಾಗ, ಬದಲಾಗುವಾಗ ಓಡುವ ಲಿಸನರ್, ಕಾಲಂನ ಮೌಲ್ಯವನ್ನು ಪರಿವರ್ತಿಸುವ ಕನ್ವರ್ಟರ್, ಇವು ದಾಖಲೆಗೊಂದರಂತೆ ಹುಟ್ಟುವುದಿಲ್ಲ, ಸಹಾಯಕರಾಗಿ ದೀರ್ಘಕಾಲ ಇರುತ್ತವೆ. 2013ರ ಜೆಪಿಎ 2.1 ಲಿಸನರ್‌ಗಳಿಗೆ ಸಿಡಿಐ (ಇಂಜೆಕ್ಷನ್‌ಗಿರುವ ಜಾವಾ ಮಾನದಂಡ) ಇಂಜೆಕ್ಷನ್ ಒಪ್ಪಿತು. ಹೈಬರ್ನೇಟ್ 5.3 ಮತ್ತು ಸ್ಪ್ರಿಂಗ್ 5.1 ಸೇರಿ 2018ರಿಂದ ಇವುಗಳನ್ನು ಸ್ಪ್ರಿಂಗ್ ಬೀನ್‌ಗಳಾಗಿಯೂ ಪಡೆಯುವಂತಾಯಿತು. ಸ್ಪ್ರಿಂಗನ್ನು ಸಿದ್ಧವಾಗಿ ಹೊಂದಿಸಿಕೊಡುವ ಸ್ಪ್ರಿಂಗ್ ಬೂಟ್‌ನಲ್ಲಿ 2.1ರಿಂದ ಅದು ತಾನಾಗಿಯೇ ಜೋಡಣೆಯಾಗುತ್ತದೆ. ಆಧಾರ್ ಸಂಖ್ಯೆಯಂತಹ ಕಾಲಂ ಅನ್ನು ಗೂಢಲಿಪಿಯಲ್ಲಿ ಉಳಿಸುವ ಕನ್ವರ್ಟರ್‌ಗೆ ಕೀಲಿ ಒದಗಿಸುವ ಸರ್ವಿಸ್ ಕೊಡುವುದು ಒಳ್ಳೆಯ ಬಳಕೆ.

ಲಿಸನರ್‌ಗೆ ರಿಪಾಸಿಟರಿಯನ್ನು ಕೊಡಬೇಡಿ. ರಿಪಾಸಿಟರಿಗೆ ಎಂಟಿಟಿಮ್ಯಾನೇಜರ್ (ಎಂಟಿಟಿಗಳನ್ನು ಓದಿ ಬರೆಯುವ ಜೆಪಿಎ ಆಬ್ಜೆಕ್ಟ್) ಫ್ಯಾಕ್ಟರಿ ಬೇಕು, ಆ ಫ್ಯಾಕ್ಟರಿ ಕಟ್ಟುವಾಗಲೇ ಲಿಸನರ್ ಬೇಕಾಗಬಹುದು; ಹೀಗೆ ಚಕ್ರ ಸುತ್ತಿಕೊಳ್ಳುತ್ತದೆ. ಚಕ್ರವನ್ನು ಲೇಜಿ ಅನೋಟೇಷನ್‌ನಿಂದ ತಪ್ಪಿಸಿದರೂ, ಲೈಫ್‌ಸೈಕಲ್ ಮೆಥಡ್‌ನಿಂದ ಎಂಟಿಟಿಮ್ಯಾನೇಜರನ್ನೋ ಕ್ವೆರಿಯನ್ನೋ ಕರೆಯಬಾರದು ಎಂದು ಮಾನದಂಡವೇ ಎಚ್ಚರಿಸುತ್ತದೆ.

ಎಂಟಿಟಿಮ್ಯಾನೇಜರ್ ಥ್ರೆಡ್‌ಸೇಫ್ ಅಲ್ಲವಂತೆ, ಅಂದರೆ ಹಲವು ಥ್ರೆಡ್‌ಗಳು ಅದನ್ನು ಒಟ್ಟಿಗೆ ಬಳಸುವಂತಿಲ್ಲ. ಆದರೂ ಒಂದೇ ಸಿಂಗಲ್‌ಟನ್ ಸರ್ವಿಸ್‌ಗೆ ಅದನ್ನು ಇಂಜೆಕ್ಟ್ ಮಾಡುತ್ತೇವಲ್ಲ?

ನಿಮಗೆ ಸಿಗುವುದು ನಿಜವಾದ ಎಂಟಿಟಿಮ್ಯಾನೇಜರ್ ಅಲ್ಲ, ಸ್ಪ್ರಿಂಗ್ ಕೊಡುವ ಪ್ರಾಕ್ಸಿ. ಪ್ರತಿ ಕರೆಯಲ್ಲೂ ಅದು ಈ ಥ್ರೆಡ್‌ನಲ್ಲಿ ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗೆ ಸೇರಿದ ಎಂಟಿಟಿಮ್ಯಾನೇಜರನ್ನು ಹುಡುಕಿ ಕೆಲಸ ಒಪ್ಪಿಸುತ್ತದೆ. ಇದೇ ಕಾರಣಕ್ಕೆ ಅಸಿಂಕ್ ಮೆಥಡ್‌ಗಾಗಲಿ ಪ್ಯಾರಲಲ್ ಸ್ಟ್ರೀಮ್‌ಗಾಗಲಿ ಹೋದ ಕೂಡಲೇ ಟ್ರಾನ್ಸಾಕ್ಷನ್ ಹಿಂದೆಯೇ ಉಳಿಯುತ್ತದೆ. ಬೇರೆ ಥ್ರೆಡ್‌ಗೆ ಎಂಟಿಟಿಯನ್ನು ಕಳಿಸಬೇಡಿ. ಅದರ ಐಡಿ ಕಳಿಸಿ, ಅಲ್ಲಿ ಹೊಸ ಟ್ರಾನ್ಸಾಕ್ಷನ್‌ನಲ್ಲಿ ಮತ್ತೆ ಓದಿಕೊಳ್ಳಿ.

ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಇದೆ. ಎಕ್ಸೆಪ್ಶನ್ ಬಂದರೂ ರೋಲ್‌ಬ್ಯಾಕ್ (ಬರೆದದ್ದನ್ನು ಹಿಂತೆಗೆಯುವುದು) ಆಗಲಿಲ್ಲ.

ಎರಡು ಕಾರಣಗಳನ್ನು ಮೊದಲು ನೋಡಿ. ಅದೇ ಕ್ಲಾಸಿನ ಇನ್ನೊಂದು ಮೆಥಡ್‌ನಿಂದ ಕರೆದಿದ್ದರೆ, ಟ್ರಾನ್ಸಾಕ್ಷನ್ ತೆರೆಯಲು ಸ್ಪ್ರಿಂಗ್ ಸರ್ವಿಸ್ ಸುತ್ತ ಹಾಕುವ ಪ್ರಾಕ್ಸಿಯನ್ನು ಕರೆ ಹಾದುಹೋಗಿಲ್ಲ. ಟ್ರಾನ್ಸಾಕ್ಷನ್ ಶುರುವೇ ಆಗಿಲ್ಲ. ಆ ಮೆಥಡನ್ನು ಬೇರೆ ಬೀನ್‌ಗೆ ಸಾಗಿಸುವುದು ಸ್ವಚ್ಛವಾದ ಪರಿಹಾರ. ಇನ್ನೊಂದು, ಎಸೆದದ್ದು ಚೆಕ್ಡ್ ಎಕ್ಸೆಪ್ಶನ್ ಆಗಿರಬಹುದು. ರನ್‌ಟೈಮ್ ಎಕ್ಸೆಪ್ಶನ್ ಮತ್ತು ಎರರ್‌ಗಳಿಗೆ ಮಾತ್ರ ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ ಮಾಡುತ್ತದೆ, ಉಳಿದವಕ್ಕೆ ನೀವು ಬರೆದು ಹೇಳಬೇಕು. ಹಣ ಕಡಿತವಾಗಿ, ಜಮೆ ಆಗದೆ ಉಳಿದ ದಾಖಲೆಗಳ ಹಿಂದೆ ಈ ಎರಡನೆಯ ಕಾರಣ ಇರುವುದು ಅಪರೂಪವಲ್ಲ.

ಸರ್ವಿಸ್‌ನಲ್ಲಿ ಸರಿಯಾಗಿರುತ್ತದೆ, ಕಂಟ್ರೋಲರ್‌ಗೆ ಬಂದ ಮೇಲೆ ಲೇಜಿ ಇನಿಶಿಯಲೈಸೇಷನ್ ಎಕ್ಸೆಪ್ಶನ್. ಓಪನ್-ಇನ್-ವ್ಯೂ ಆನ್ ಮಾಡಿದರೆ ಸಾಕೇ?

ಸೆಷನ್ (ಡೇಟಾಬೇಸ್ ಜೊತೆ ಹೈಬರ್ನೇಟ್‌ನ ಕೆಲಸದ ಅವಧಿ) ಮುಚ್ಚಿದ ಮೇಲೆ ಲೇಜಿ ಮಾಹಿತಿ ಕೇಳಿದರೆ ಬರುವ ಆ ಎಕ್ಸೆಪ್ಶನ್ ನಿಲ್ಲುತ್ತದೆ. ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್-ಇನ್-ವ್ಯೂ, ಯಾರೂ ಆಫ್ ಮಾಡದಿದ್ದರೆ, ಮೊದಲಿನಿಂದಲೇ ಆನ್ ಇರುತ್ತದೆ, ಮತ್ತು 2.0ರಿಂದ ಶುರುವಿನ ಲಾಗ್‌ನಲ್ಲಿ ಅದರ ಬಗ್ಗೆ ಒಂದು ಎಚ್ಚರಿಕೆಯೂ ಬರುತ್ತದೆ. ಬಹುತೇಕರು ಅದನ್ನು ಓದದೆ ಮುಂದೆ ಹೋಗುತ್ತಾರೆ. ಸೆಷನ್ ರಿಕ್ವೆಸ್ಟ್ ಮುಗಿಯುವವರೆಗೂ ತೆರೆದಿರುವುದರಿಂದ ಜೇಸನ್ ಬರೆಯುವ ಕೋಡ್ ಕೂಡ ಸದ್ದಿಲ್ಲದೆ ಕ್ವೆರಿ ಓಡಿಸತೊಡಗುತ್ತದೆ. ನೂರು ಖಾತೆಗಳ ಪಟ್ಟಿಗೆ ನೂರು ಹೆಚ್ಚುವರಿ ಕ್ವೆರಿಗಳು ಸೇರಿಕೊಳ್ಳಬಹುದು. ಅದನ್ನು ಆಫ್ ಮಾಡಿ, ಪರದೆಗೆ ಏನು ಬೇಕೋ ಅದನ್ನು ಟ್ರಾನ್ಸಾಕ್ಷನ್ ಒಳಗೇ ಫೆಚ್ ಜಾಯಿನ್ ಅಥವಾ ಎಂಟಿಟಿ ಗ್ರಾಫ್ ಮೂಲಕ ತಂದು, ಡಿಟಿಒ (ಬರೀ ಮಾಹಿತಿ ಹೊರುವ ಸರಳ ಆಬ್ಜೆಕ್ಟ್) ಆಗಿ ಹೊರಗೆ ಕಳಿಸಿ.

ನಾವು ಡಾಟ್‌ನೆಟ್‌ನವರು. ನಮ್ಮಲ್ಲಿ ಹೈಬರ್ನೇಟ್‌ನ ಜಾಗದಲ್ಲಿರುವ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ ಈ ಗೋಳು ಇಲ್ಲವಲ್ಲ?

ಇದೆ, ರೂಪ ಬೇರೆ. 2018ರ 2.1 ಆವೃತ್ತಿಯಿಂದ ಎಂಟಿಟಿಗೆ ಪ್ಯಾರಾಮೀಟರ್ ಇರುವ ಕನ್‌ಸ್ಟ್ರಕ್ಟರ್ ಇಟ್ಟುಕೊಳ್ಳಬಹುದು. ಆದರೆ ಅದರ ಮೂಲಕ ಬರುವುದು ಕಾಲಂ ಮೌಲ್ಯಗಳು ಮತ್ತು ಡಿಬಿಕಾಂಟೆಕ್ಸ್ಟ್ (ಎಂಟಿಟಿಮ್ಯಾನೇಜರ್‌ನಂತಹದು), ಲೇಜಿ ಲೋಡರ್‌ನಂತಹ ಫ್ರೇಮ್‌ವರ್ಕ್‌ನ ಸ್ವಂತ ಸೇವೆಗಳು ಮಾತ್ರ. ನಿಮ್ಮ ಬಡ್ಡಿ ಸರ್ವಿಸ್ ಅಲ್ಲ. 2022ರ ಆವೃತ್ತಿ 7ರಲ್ಲಿ ಎಂಟಿಟಿ ಹುಟ್ಟುವ ಕ್ಷಣದಲ್ಲಿ ಕೈಹಾಕುವ ಇಂಟರ್‌ಸೆಪ್ಟರ್ ಬಂತು. ಅದನ್ನು ಸರ್ವಿಸ್ ತುರುಕಲು ಬಳಸಬಹುದು, ಬಳಸಬೇಕೆಂದಿಲ್ಲ.

ಡಾಟ್‌ನೆಟ್‌ನಲ್ಲಿ ಹೆಚ್ಚು ಕಾಡುವುದು ಆಯಸ್ಸಿನ ಸಮಸ್ಯೆ. ಡಿಬಿಕಾಂಟೆಕ್ಸ್ಟ್ ಸಾಮಾನ್ಯವಾಗಿ ಸ್ಕೋಪ್ಡ್, ಅಂದರೆ ರಿಕ್ವೆಸ್ಟ್‌ಗೊಂದು. ಹಿನ್ನೆಲೆಯಲ್ಲಿ ಓಡುವ ಹೋಸ್ಟೆಡ್ ಸರ್ವಿಸ್ ಸಿಂಗಲ್‌ಟನ್. ಹೋಸ್ಟೆಡ್ ಸರ್ವಿಸ್‌ಗೆ ಡಿಬಿಕಾಂಟೆಕ್ಸ್ಟ್ ಕೊಟ್ಟರೆ ಡೆವಲಪ್‌ಮೆಂಟ್ ಪರಿಸರದಲ್ಲಿ ಕಂಟೇನರೇ ತಡೆಯುತ್ತದೆ. ಪ್ರೊಡಕ್ಷನ್‌ನಲ್ಲಿ ಆ ತಪಾಸಣೆ ತಾನಾಗಿ ನಡೆಯುವುದಿಲ್ಲ. ಅಂತಹ ಕಡೆ 2020ರ ಆವೃತ್ತಿ 5ರಲ್ಲಿ ಬಂದ ಡಿಬಿಕಾಂಟೆಕ್ಸ್ಟ್ ಫ್ಯಾಕ್ಟರಿಯನ್ನು ತೆಗೆದುಕೊಂಡು, ಪ್ರತಿ ಸುತ್ತಿಗೂ ಹೊಸ ಕಾಂಟೆಕ್ಸ್ಟ್ ತೆರೆದು ಮುಚ್ಚಿ.

## ಇನ್ನೂ ಆಳಕ್ಕೆ ಹೋದವರಿಗೆ

ಲೋಡ್ ಜಾಸ್ತಿಯಾದಾಗ ಇಡೀ ಅಪ್ಲಿಕೇಷನ್ ಅರ್ಧ ನಿಮಿಷ ಹೆಪ್ಪುಗಟ್ಟಿ, ಆಮೇಲೆ ಕನೆಕ್ಷನ್ ಟೈಮ್‌ಔಟ್ ಬರುತ್ತದೆ. ಡೇಟಾಬೇಸ್ ಮಾತ್ರ ಆರಾಮಾಗಿದೆ.

ಪ್ರತ್ಯೇಕ ಹೊಸ ಟ್ರಾನ್ಸಾಕ್ಷನ್ ತೆರೆಯಲು ಹೇಳುವ ರಿಕ್ವೈರ್ಸ್ ನ್ಯೂ ಎಲ್ಲಿದೆ ಎಂದು ಹುಡುಕಿ. ಆಡಿಟ್ ದಾಖಲೆ ಬರೆಯುವ ಸರ್ವಿಸ್‌ನಲ್ಲಿ ಸಿಗುವ ಸಂಭವ ಹೆಚ್ಚು. ಹೊರಗಿನ ಟ್ರಾನ್ಸಾಕ್ಷನ್ ತನ್ನ ಕನೆಕ್ಷನ್ ಹಿಡಿದುಕೊಂಡೇ ನಿಲ್ಲುತ್ತದೆ, ಒಳಗಿನದು ಇನ್ನೊಂದನ್ನು ಕೇಳುತ್ತದೆ. ಕನೆಕ್ಷನ್‌ಗಳನ್ನು ಕೂಡಿಟ್ಟು ಹಂಚುವ ಹಿಕಾರಿ ಪೂಲ್‌ನ ಗಾತ್ರ ನೀವು ಬದಲಿಸದಿದ್ದರೆ 10. ಹತ್ತು ರಿಕ್ವೆಸ್ಟ್‌ಗಳು ಒಟ್ಟಿಗೆ ಬಂದು ಒಂದೊಂದು ಕನೆಕ್ಷನ್ ಹಿಡಿದರೆ, ಎರಡನೆಯದಕ್ಕಾಗಿ ಹತ್ತೂ ಕಾಯುತ್ತವೆ, ಬಿಟ್ಟುಕೊಡುವವರು ಯಾರೂ ಇಲ್ಲ. ಟೈಮ್‌ಔಟ್ 30 ಸೆಕೆಂಡ್. ನೀವು ಕಂಡ ಅರ್ಧ ನಿಮಿಷ ಅದೇ.

ಪೂಲ್ ದೊಡ್ಡದು ಮಾಡಿದರೆ ತೊಂದರೆ ಮುಂದಕ್ಕೆ ಹೋಗುತ್ತದೆ, ತೀರುವುದಿಲ್ಲ. ಆಡಿಟ್ ದಾಖಲೆ ಹೊರಗಿನ ಟ್ರಾನ್ಸಾಕ್ಷನ್ ವಿಫಲವಾದರೂ ಉಳಿಯಲೇಬೇಕೇ ಎಂದು ವ್ಯವಹಾರದವರನ್ನು ಕೇಳಿ. ಬೇಡ ಎಂದರೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಬೇಕು ಎಂದರೆ ಹೊರಗಿನದು ಮುಗಿದ ಮೇಲೆ, ಅದರ ಹೊರಗೆ ಬರೆಯಿರಿ.

ಎಂಟಿಟಿಯಲ್ಲಿ ಡೊಮೇನ್ ಈವೆಂಟ್ ದಾಖಲಿಸುತ್ತೇವೆ. ಕೆಲವೊಮ್ಮೆ ಗ್ರಾಹಕರಿಗೆ ಎಸ್‌ಎಂಎಸ್ ಹೋಗುತ್ತದೆ, ಕೆಲವೊಮ್ಮೆ ಹೋಗುವುದಿಲ್ಲ. ಏಕೆ?

ಡೊಮೇನ್ ಈವೆಂಟ್ ಒಳ್ಳೆಯ ದಾರಿ. ಸಾಲಖಾತೆ ‘ದರ ಬದಲಾಯಿತು’ ಎಂದು ದಾಖಲಿಸಿ ಸುಮ್ಮನಾಗುತ್ತದೆ, ಎಸ್‌ಎಂಎಸ್ ಕಳಿಸುವ ಸರ್ವಿಸ್‌ನ ಪರಿಚಯವೇ ಅದಕ್ಕೆ ಬೇಕಿಲ್ಲ. ಆದರೆ ಸ್ಪ್ರಿಂಗ್ ಡೇಟಾ (ಸ್ಪ್ರಿಂಗ್‌ನಲ್ಲಿ ರಿಪಾಸಿಟರಿಗಳನ್ನು ಒದಗಿಸುವ ಭಾಗ) ಈ ಈವೆಂಟ್‌ಗಳನ್ನು ಹೊರಬಿಡುವುದು ರಿಪಾಸಿಟರಿಯ ಸೇವ್ ಮೆಥಡ್ ಕರೆದಾಗ. ಹೈಬರ್ನೇಟ್‌ಗೋ ಸೇವ್ ಕರೆಯ ಅಗತ್ಯವಿಲ್ಲ. ಟ್ರಾನ್ಸಾಕ್ಷನ್ ಒಳಗೆ ಓದಿದ ಖಾತೆಯನ್ನು ಬದಲಿಸಿದರೆ ಅದೇ ಗುರುತಿಸಿ ಅಪ್‌ಡೇಟ್ ಓಡಿಸುತ್ತದೆ. ಹಾಗಾಗಿ ಸೇವ್ ಬರೆಯದೆ ಬಿಟ್ಟ ಕಡೆಗಳಲ್ಲಿ ದರ ಬದಲಾಗುತ್ತದೆ, ಈವೆಂಟ್ ಹೊರಡುವುದಿಲ್ಲ. ಸೇವ್ ಅನ್ನು ಎಲ್ಲ ಕಡೆ ಬರೆಯುವುದನ್ನು ತಂಡದ ನಿಯಮ ಮಾಡಿಕೊಳ್ಳಿ.

ಕೇಳಿಸಿಕೊಳ್ಳುವ ಕಡೆಯೂ ಒಂದು ಮಾತಿದೆ. ಟ್ರಾನ್ಸಾಕ್ಷನಲ್ ಈವೆಂಟ್ ಲಿಸನರ್ ನೀವು ಬೇರೆ ಹೇಳದಿದ್ದರೆ ಕಮಿಟ್ ಆದ (ಬರೆದದ್ದು ಖಾಯಂ ಆದ) ಮೇಲೆ ಓಡುತ್ತದೆ. ಟ್ರಾನ್ಸಾಕ್ಷನ್ ಇಲ್ಲದೆ ಈವೆಂಟ್ ಬಂದರೆ ಅದು ಬಿದ್ದುಹೋಗುತ್ತದೆ. ಅಂತಹ ಲಿಸನರ್‌ನಲ್ಲಿ ಡೇಟಾಬೇಸ್‌ಗೆ ಬರೆಯಬೇಕಾದರೆ ಹೊಸ ಟ್ರಾನ್ಸಾಕ್ಷನ್ ಬೇಕು. ಅದರ ಮೇಲೆ ಬರೀ ಟ್ರಾನ್ಸಾಕ್ಷನಲ್ ಹಾಕಿದರೆ ಸ್ಪ್ರಿಂಗ್ 6.1ರಿಂದ ಅಪ್ಲಿಕೇಷನ್ ಏಳುವುದೇ ಇಲ್ಲ. ಈ ಕಟ್ಟುನಿಟ್ಟು ಸ್ವಾಗತಾರ್ಹ. ಕಮಿಟ್ ಆಗಿ, ಎಸ್‌ಎಂಎಸ್ ಹೋಗುವ ಮುನ್ನ ಸರ್ವರ್ ಬಿದ್ದರೆ ಸಂದೇಶ ಕಳೆದುಹೋಗುತ್ತದೆ. ಅದನ್ನು ಸಹಿಸಲಾಗದಿದ್ದರೆ ಸಂದೇಶವನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಔಟ್‌ಬಾಕ್ಸ್ ಟೇಬಲ್‌ಗೆ ಬರೆದು, ಬೇರೊಂದು ಕೆಲಸದಿಂದ ಕಳಿಸಿ.

ಓದುವ ಟ್ರಾನ್ಸಾಕ್ಷನ್‌ಗಳನ್ನು ರೆಪ್ಲಿಕಾಕ್ಕೆ (ಮುಖ್ಯ ಡೇಟಾಬೇಸ್‌ನ ಪ್ರತಿಗೆ) ಕಳಿಸಲು ರೂಟಿಂಗ್ ಡೇಟಾಸೋರ್ಸ್ ಬರೆದೆ. ಎಲ್ಲವೂ ಪ್ರೈಮರಿಗೇ ಹೋಗುತ್ತಿವೆ.

ಟ್ರಾನ್ಸಾಕ್ಷನ್ ಶುರುವಾಗುವಾಗಲೇ ಕನೆಕ್ಷನ್ ತೆಗೆದುಕೊಳ್ಳಲಾಗುತ್ತದೆ. ಇದು ರೀಡ್-ಓನ್ಲಿ ಎಂಬ ಗುರುತನ್ನು ಸ್ಪ್ರಿಂಗ್ ಥ್ರೆಡ್‌ಗೆ ಅಂಟಿಸುವುದು ಅದಾದ ಮೇಲೆ. ನಿಮ್ಮ ರೂಟಿಂಗ್ ಕೋಡ್ ನೋಡುವ ಹೊತ್ತಿಗೆ ಗುರುತು ಇನ್ನೂ ಬಂದಿರುವುದಿಲ್ಲ. ರೂಟಿಂಗ್ ಡೇಟಾಸೋರ್ಸ್‌ನ ಹೊರಗೆ ಲೇಜಿ ಕನೆಕ್ಷನ್ ಡೇಟಾಸೋರ್ಸ್ ಪ್ರಾಕ್ಸಿಯನ್ನು ಸುತ್ತಿ. ಆಗ ಮೊದಲ ಎಸ್‌ಕ್ಯುಎಲ್ ಓಡುವವರೆಗೆ ಕನೆಕ್ಷನ್ ಆಯ್ಕೆ ಮುಂದೂಡಲ್ಪಡುತ್ತದೆ.

ಟೆಸ್ಟ್‌ಗಳೆಲ್ಲ ಹಸಿರು. ಪ್ರೊಡಕ್ಷನ್‌ನಲ್ಲಿ ಮಾತ್ರ ಒಡೆಯುತ್ತದೆ.

ಟೆಸ್ಟ್ ಕ್ಲಾಸಿನ ಮೇಲೆಯೇ ಟ್ರಾನ್ಸಾಕ್ಷನಲ್ ಇದ್ದರೆ, ಅಥವಾ ಡೇಟಾ ಜೆಪಿಎ ಟೆಸ್ಟ್ ಬಳಸಿದ್ದರೆ, ಇಡೀ ಟೆಸ್ಟ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆದು ಕೊನೆಗೆ ರೋಲ್‌ಬ್ಯಾಕ್ ಆಗುತ್ತದೆ. ಸೆಷನ್ ತೆರೆದೇ ಇರುವುದರಿಂದ ಲೇಜಿ ದೋಷಗಳು ಕಾಣುವುದಿಲ್ಲ. ಫ್ಲಶ್ ಆಗದ (ಇನ್ನೂ ಡೇಟಾಬೇಸ್‌ಗೆ ಹೋಗದ) ಬರವಣಿಗೆ ಡೇಟಾಬೇಸ್‌ನ ನಿರ್ಬಂಧಗಳನ್ನು ಮುಟ್ಟುವುದಿಲ್ಲ. ಕಮಿಟ್ ಆಗದ್ದರಿಂದ ಕಮಿಟ್ ನಂತರದ ಲಿಸನರ್‌ಗಳೂ ಓಡುವುದಿಲ್ಲ. ಮುಖ್ಯ ಹರಿವುಗಳಿಗೆ ಕೆಲವಾದರೂ ಟೆಸ್ಟ್‌ಗಳನ್ನು ಟ್ರಾನ್ಸಾಕ್ಷನ್ ಇಲ್ಲದೆ, ಪ್ರೊಡಕ್ಷನ್‌ನಲ್ಲಿರುವ ಅದೇ ಬಗೆಯ ಡೇಟಾಬೇಸ್ ಮೇಲೆ ಓಡಿಸಿ. ಮುಗಿದ ಮೇಲೆ ಟೇಬಲ್ ಶುಚಿಗೊಳಿಸುವ ಶ್ರಮ ವ್ಯರ್ಥವಲ್ಲ.

ಡೊಮೇನ್ ಕ್ಲಾಸ್ ಬೇರೆ, ಟೇಬಲ್‌ಗೆ ಹೊಂದುವ ಎಂಟಿಟಿ ಬೇರೆ ಮಾಡಿಬಿಟ್ಟರೆ ಎಲ್ಲ ಸಮಸ್ಯೆಯೂ ಹೋಗುತ್ತದಲ್ಲವೇ?

ಕೆಲವು ಹೋಗುತ್ತವೆ. ಡೊಮೇನ್ ಕ್ಲಾಸಿಗೆ ಇಷ್ಟವಾದ ಕನ್‌ಸ್ಟ್ರಕ್ಟರ್ ಸಿಗುತ್ತದೆ, ಫೈನಲ್ ಫೀಲ್ಡ್‌ಗಳೂ ಸಿಗುತ್ತವೆ. ಬದಲಿಗೆ ಎರಡರ ನಡುವೆ ನಕಲು ಮಾಡುವ ಮ್ಯಾಪರ್ ಬರೆಯಬೇಕು. ಏನು ಬದಲಾಯಿತೆಂದು ತಾನೇ ಗುರುತಿಸುವ ಹೈಬರ್ನೇಟ್‌ನ ಅನುಕೂಲ ಕೈತಪ್ಪುತ್ತದೆ. ಇಬ್ಬರು ಒಂದೇ ದಾಖಲೆ ಬದಲಿಸುವುದನ್ನು ಹಿಡಿಯುವ ಆಪ್ಟಿಮಿಸ್ಟಿಕ್ ಲಾಕ್‌ನ ವರ್ಷನ್ ಸಂಖ್ಯೆಯನ್ನು ಎರಡೂ ಕಡೆ ಹೊತ್ತು ತಿರುಗಬೇಕು. ಹಳೆಯ ಟೇಬಲ್ ವಿನ್ಯಾಸ ಡೊಮೇನ್‌ಗೆ ಸ್ವಲ್ಪವೂ ಹೊಂದದಿದ್ದಾಗ ಈ ಬೆಲೆ ಕೊಡುವುದು ಸರಿ. ಉಳಿದ ಕಡೆ ಬೇಡ ಎನ್ನುತ್ತೇನೆ.

ನಮ್ಮದು ಹದಿನೈದು ವರ್ಷ ಹಳೆಯ ಕೋಡ್. ಎಂಟಿಟಿಗಳೆಲ್ಲ ಸ್ಟ್ಯಾಟಿಕ್ ಕಾಂಟೆಕ್ಸ್ಟ್ ಹೋಲ್ಡರ್‌ನಿಂದ (ಕಂಟೇನರನ್ನು ಎಲ್ಲಿಂದ ಕೇಳಿದರೂ ಕೊಡುವ ಕ್ಲಾಸ್‌ನಿಂದ) ಬೀನ್ ಎಳೆದುಕೊಳ್ಳುತ್ತವೆ. ಎಲ್ಲಿಂದ ಶುರು ಮಾಡಲಿ?

ಹೊರದೇಶದ ಗ್ರಾಹಕರ ಹಳೆಯ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಗೆಳೆಯರು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೊರಡಬೇಡಿ. ಹೋಲ್ಡರ್ ಅನ್ನು ಕರೆಯುವ ಜಾಗಗಳನ್ನು ಪಟ್ಟಿ ಮಾಡಿ, ಹೆಚ್ಚು ದೋಷ ವರದಿಯಾಗುವ ಒಂದು ಎಂಟಿಟಿಯನ್ನು ಆರಿಸಿ. ಅದರ ಒಂದು ಮೆಥಡ್‌ಗೆ ಬೇಕಾದ ಮೌಲ್ಯವನ್ನು ಪ್ಯಾರಾಮೀಟರ್ ಆಗಿ ಪಡೆಯುವ ಹೊಸ ರೂಪ ಬರೆಯಿರಿ. ಹಳೆಯ ರೂಪ ಹೋಲ್ಡರ್‌ನಿಂದ ಮೌಲ್ಯ ತಂದು ಹೊಸದನ್ನು ಕರೆಯುವಂತಿರಲಿ, ಅದಕ್ಕೆ ಡೆಪ್ರಿಕೇಟೆಡ್ ಗುರುತು ಹಾಕಿ. ಕರೆಯುವವರನ್ನು ಒಬ್ಬೊಬ್ಬರಾಗಿ ಹೊಸದಕ್ಕೆ ತನ್ನಿ. ಹೊಸದಾಗಿ ಯಾರೂ ಎಂಟಿಟಿ ಪ್ಯಾಕೇಜ್‌ನಿಂದ ಹೋಲ್ಡರ್ ಕರೆಯದಂತೆ ಕೋಡಿನ ರಚನೆಯನ್ನು ಪರೀಕ್ಷಿಸುವ ಆರ್ಕ್‌ಯೂನಿಟ್‌ನಲ್ಲಿ ಒಂದು ನಿಯಮ ಬರೆದು, ಈಗಿರುವ ಉಲ್ಲಂಘನೆಗಳನ್ನು ಅದರ ಫ್ರೀಜ್ ಸೌಲಭ್ಯದಲ್ಲಿ ದಾಖಲಿಸಿ ಇಡಿ. ಅಲ್ಲಿಂದ ಮುಂದೆ ಆ ಪಟ್ಟಿ ಚಿಕ್ಕದಾಗಬಹುದೇ ಹೊರತು ಬೆಳೆಯಲಾರದು.